ಮಗಳ ಲೆಕ್ಕ ಅಮ್ಮನ ಖಾತೆಗೆ: ಒಂದು ಥ್ಯಾಲಿಡೊಮೈಡ್ ಗ್ರಾಫಿನ ರಿಪೇರಿ

"ಥ್ಯಾಲಿಡೊಮೈಡ್ ಮೇಲೆ ಈಗಲೂ ಯಾರಾದರೂ ರಿಸರ್ಚ್ ಮಾಡ್ತಾರಾ ಸರ್?"

ಕೌಂಟರಿಗೆ ಬಂದು ಹೀಗೆ ಕೇಳಿದ್ದು ಎಂ.ಫಾರ್ಮ್ ಓದುವ ಹುಡುಗಿ. ನಾನು ಒಂದು ಫಾರ್ಮಸಿ ಕಾಲೇಜಿನ ಲೈಬ್ರರಿಯನ್. ಅವಳಿಗೆ ಸೆಮಿನಾರ್ ಇತ್ತು. ಆ ಮಾತ್ರೆಯ ಕಥೆ ಮುಗಿದುಹೋಗಿದೆ, ಹಳೇ ಔಷಧದ ಬಗ್ಗೆ ಯಾಕೆ ಮಾತಾಡ್ತೀಯಾ ಅಂತ ಗೆಳತಿಯರು ಅಂದಿದ್ದರಂತೆ. ನೋಡೋಣ ಬಾರಮ್ಮ, ವರ್ಷಕ್ಕೆ ಎಷ್ಟು ಪೇಪರ್ ಬರುತ್ತೆ ಅಂತ ಎಣಿಸಿಬಿಟ್ಟರೆ ಆಯ್ತಲ್ಲ ಅಂದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಇಂಥ ಎಣಿಕೆಗೆ ಬಿಬ್ಲಿಯೊಮೆಟ್ರಿಕ್ಸ್ ಅನ್ನುತ್ತಾರೆ. ಆ ಹೆಸರು ಚಾಲ್ತಿಗೆ ಬಂದಿದ್ದು 1969ರಲ್ಲಿ. ಅದಕ್ಕೂ ಮೊದಲೇ, 1948ರಲ್ಲಿ, ನಮ್ಮ ದೇಶದ ಲೈಬ್ರರಿ ವಿಜ್ಞಾನಿ ಎಸ್.ಆರ್. ರಂಗನಾಥನ್ ಇಂಗ್ಲೆಂಡಿನ ಒಂದು ಸಮ್ಮೇಳನದಲ್ಲಿ 'ಲಿಬ್ರಾಮೆಟ್ರಿ', ಅಂದರೆ ಲೈಬ್ರರಿ ಕೆಲಸಕ್ಕೆ ಅಂಕಿಯ ಅಳತೆ, ಬೇಕು ಅಂದಿದ್ದರು. ಮುಂದೆ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಡಿಆರ್‌ಟಿಸಿ ಅನ್ನುವ ಲೈಬ್ರರಿ ತರಬೇತಿ ಕೇಂದ್ರ ಕಟ್ಟಿದವರು ಅವರು. ನಮ್ಮ ಕಸುಬಿನವರಿಗೆ ಇದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ, ಅಷ್ಟೇ.

ಮೊದಲ ಶನಿವಾರ

ಸಾಮಾನು ಜಾಸ್ತಿ ಏನಿಲ್ಲ. ಲೈಬ್ರರಿಯ ಹಳೇ ಲ್ಯಾಪ್‌ಟಾಪು, ಅದರಲ್ಲಿ ಉಬುಂಟು, ಪ್ರೋಗ್ರಾಂ ಬರೆಯೋಕೆ ಪೈಥಾನ್. ಪೇಪರ್‌ಗಳ ಪಟ್ಟಿ ಪಬ್‌ಮೆಡ್‌ನಿಂದ, ಅಂದರೆ ಅಮೆರಿಕ ಸರ್ಕಾರದ ವೈದ್ಯಕೀಯ ಪೇಪರ್ ಸೂಚಿಯಿಂದ. ದುಡ್ಡು ಕೊಟ್ಟು ತೆಗೆದುಕೊಳ್ಳುವ ಡೇಟಾಬೇಸ್ ನಮ್ಮಲ್ಲಿಲ್ಲ. ಪಬ್‌ಮೆಡ್ ಪುಕ್ಕಟೆ. ಪ್ರೋಗ್ರಾಮಿನಿಂದಲೇ ಪ್ರಶ್ನೆ ಕೇಳೋಕೆ ಇ-ಯುಟಿಲಿಟೀಸ್ ಅಂತ ಒಂದು ಬಾಗಿಲು ಇಟ್ಟಿದ್ದಾರೆ.

1957ರಿಂದ 2024ರವರೆಗೆ 68 ವರ್ಷ. ವರ್ಷಕ್ಕೊಂದು ಪ್ರಶ್ನೆ: ಈ ಪದ ಇರೋ ಪೇಪರ್ ಈ ವರ್ಷ ಎಷ್ಟು? ಲೂಪ್ ಬರೆದು ಓಡಿಸಿದೆ. ಶುರುವಾದ ಕೂಡಲೇ 429 ಅಂತ ಎರರ್. ಅವರು ಕೊಡುವ ಕೀ, ಅಂದರೆ ಗುರುತಿನ ಕೋಡ್, ಇಲ್ಲದವರು ಸೆಕೆಂಡಿಗೆ 3 ಪ್ರಶ್ನೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಕೀ ತೆಗೆದುಕೊಂಡರೆ 10. ಪ್ರತಿ ಪ್ರಶ್ನೆಯ ನಡುವೆ 0.4 ಸೆಕೆಂಡ್ ನಿಲ್ಲು ಅಂತ ಒಂದು ಸಾಲು ಸೇರಿಸಿದೆ. ಆಮೇಲೆ ತಕರಾರಿಲ್ಲ. ದೊಡ್ಡ ಕೆಲಸ ಇದ್ದರೆ ವಾರಾಂತ್ಯದಲ್ಲಿ ಮಾಡಿ, ಇಲ್ಲದಿದ್ದರೆ ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 5ರೊಳಗೆ ಮಾಡಿ ಅಂತಲೂ ಅವರು ಕೇಳಿಕೊಳ್ಳುತ್ತಾರೆ. ನಮಗದು ಅನುಕೂಲವೇ. ಅವರ ಬೇಸಿಗೆಯಲ್ಲಿ ಅದು ನಮ್ಮ ಬೆಳಗ್ಗೆ 6:30ರಿಂದ ಮಧ್ಯಾಹ್ನ 2:30. ಅವರು ಮಲಗಿದಾಗ ನಮಗೆ ಆಫೀಸು.

ಗ್ರಾಫ್ ಬಂತು. ಅರವತ್ತರ ದಶಕದ ಶುರುವಿನಲ್ಲಿ ಒಂದು ಸಣ್ಣ ದಿಬ್ಬ, ಆಮೇಲೆ ಬಯಲು, ಆಮೇಲೆ 2000ದ ಹೊತ್ತಿಗೆ ದೊಡ್ಡ ಬೆಟ್ಟ. ಹುಡುಗಿಗೆ ಖುಷಿ. "ನೋಡಿ ಸರ್, ಮುಗಿದೇ ಇಲ್ಲ!" ಅಂದಳು. ನನಗೆ ಮಾತ್ರ ಅನುಮಾನ. ಬೆಟ್ಟ ತೀರಾ ನುಣ್ಣಗಿತ್ತು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಥ್ಯಾಲಿಡೊಮೈಡ್ 1957ರ ಅಕ್ಟೋಬರ್ 1ರಂದು ಪಶ್ಚಿಮ ಜರ್ಮನಿಯಲ್ಲಿ ಕಾಂಟರ್ಗಾನ್ ಅನ್ನುವ ಹೆಸರಲ್ಲಿ ಅಂಗಡಿಗೆ ಬಂತು. ನಿದ್ದೆ ಮಾತ್ರೆ. ಬಸುರಿಯರ ವಾಂತಿಗೂ ಕೊಟ್ಟರು. 1961ರ ನವೆಂಬರ್ ಕೊನೆಯಲ್ಲಿ ಅಲ್ಲಿ ವಾಪಸ್ ತೆಗೆದರು. ಜಗತ್ತಿನಲ್ಲಿ ಒಟ್ಟು 10,000ಕ್ಕೂ ಜಾಸ್ತಿ ಮಕ್ಕಳು ಕೈಕಾಲು ಊನವಾಗಿ ಹುಟ್ಟಿದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಅನ್ನುವ ಅಧಿಕಾರಿ, ಸುರಕ್ಷತೆಯ ಪುರಾವೆ ಸಾಲದು ಅಂತ ಅರ್ಜಿಯನ್ನು ತಡೆದು ಇಟ್ಟಿದ್ದರಿಂದ ಅಲ್ಲಿ ಅದು ಮಾರುಕಟ್ಟೆಗೆ ಬರಲಿಲ್ಲ. ಕಥೆ ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಜೆರುಸಲೇಮ್‌ನಲ್ಲಿ ಜೇಕಬ್ ಶೆಸ್ಕಿನ್ ಅನ್ನುವ ಡಾಕ್ಟರು, ನೋವಿನಿಂದ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ಕುಷ್ಠರೋಗಿಗೆ ಉಳಿದಿದ್ದ ಮಾತ್ರೆ ಕೊಟ್ಟರು. ನಿದ್ದೆಯೂ ಬಂತು, ಮೈಮೇಲಿನ ಗಂಟುಗಳೂ ಇಳಿದವು. 1965ರಲ್ಲಿ ಅದನ್ನು ಪ್ರಕಟಿಸಿದರು.

ಮೊದಲ ರಿಪೇರಿ: ಒಂದೇ ಪೇಪರ್, ಎರಡು ಹುಟ್ಟುಹಬ್ಬ

ವರ್ಷವಾರು ಅಂಕಿ ಎಲ್ಲ ಕೂಡಿದೆ. ಆಮೇಲೆ ವರ್ಷ ಹಾಕದೆ ಒಂದೇ ಸಲ ಒಟ್ಟು ಎಷ್ಟು ಅಂತ ಕೇಳಿದೆ. ಎರಡೂ ಹೊಂದಲಿಲ್ಲ. ಕೂಡಿದ್ದು ಜಾಸ್ತಿ ಬಂತು. ಅಂಗಡಿ ಲೆಕ್ಕದಲ್ಲಿ ಹೀಗಾದರೆ ಯಾವುದೋ ಚೀಟಿ ಎರಡು ಸಲ ಬರೆದಿದ್ದಾರೆ ಅಂತ ಅರ್ಥ, ಅಲ್ವಾ?

ಹಾಗೇ ಆಗಿತ್ತು. ಒಂದು ರೆಕಾರ್ಡ್ ತೆರೆದು ನೋಡಿದೆ. ಅದರಲ್ಲಿ 'ಡಿಪಿ' ಅನ್ನುವ ಸಾಲು, ಪ್ರಿಂಟ್ ಸಂಚಿಕೆಯ ತಾರೀಖು. ಸ್ವಲ್ಪ ಕೆಳಗೆ 'ಡಿಇಪಿ' ಅನ್ನುವ ಸಾಲು, ಆನ್‌ಲೈನ್ ಬಂದ ತಾರೀಖು. ಡಿಸೆಂಬರಿನಲ್ಲಿ ಆನ್‌ಲೈನ್ ಬಂದು, ಫೆಬ್ರವರಿಯಲ್ಲಿ ಪ್ರಿಂಟ್ ಆದ ಪೇಪರ್. ಪ್ರಕಟಣೆಯ ವರ್ಷ ಹಾಕಿ ಹುಡುಕಿದರೆ ಪಬ್‌ಮೆಡ್ ಎರಡೂ ತಾರೀಖು ನೋಡುತ್ತದೆ. ಹಾಗಾಗಿ ಅದೇ ಪೇಪರ್ ಎರಡೂ ವರ್ಷದ ಲೆಕ್ಕಕ್ಕೆ ಬೀಳುತ್ತದೆ.

ಇದರಲ್ಲಿ ಇನ್ನೊಂದು ಮೋಸ ಇದೆ. 1962ರ ಪೇಪರಿಗೆ ಆನ್‌ಲೈನ್ ತಾರೀಖು ಎಲ್ಲಿಂದ ಬರಬೇಕು? ಈ ಡಬಲ್ ಎಣಿಕೆ ಇತ್ತೀಚಿನ ವರ್ಷಗಳಿಗೆ ಮಾತ್ರ ಅಂಟುತ್ತದೆ. ಅಂದರೆ ಗ್ರಾಫಿನ ಬಲಗಡೆ ಮಾತ್ರ ಸುಮ್ಸುಮ್ನೆ ಊದಿಕೊಳ್ಳುತ್ತದೆ. ಹೊಸ ರಿಸರ್ಚ್ ಜೋರಾಗಿದೆ ಅಂತ ನಾವು ನಂಬುತ್ತೇವೆ.

ಮೊದಲು ಎಲ್ಲ ರೆಕಾರ್ಡನ್ನೂ ಇಳಿಸಿಕೊಂಡು, ಎರಡು ತಾರೀಖಿನಲ್ಲಿ ಹಿಂದಿನದನ್ನು ಆರಿಸೋಣ ಅಂತ ಹೊರಟೆ. ಅಲ್ಲಿ ಮತ್ತೆ ಕಲ್ಲು. ಕೆಲವು ಹಳೇ ಪತ್ರಿಕೆಗಳ ತಾರೀಖು "ನವೆಂಬರ್-ಡಿಸೆಂಬರ್" ಅಂತ ಜೋಡಿ ತಿಂಗಳಲ್ಲಿ, ಇನ್ನು ಕೆಲವು ಬರೀ ಋತುವಿನ ಹೆಸರಲ್ಲಿ ಇರುತ್ತವೆ. ನನ್ನ ಕೋಡ್ ಅದನ್ನು ಓದಲಾರದೆ ಬಿದ್ದುಹೋಯಿತು. ಮೊದಲ ನಾಲ್ಕು ಅಂಕೆ ಮಾತ್ರ ತೆಗೆದುಕೋ ಅಂತ ತೇಪೆ ಹಾಕಿದೆ. ಅದು ನಡೆಯಿತು ಕೂಡ. ಆದರೆ ಸ್ನಾನ ಮಾಡುವಾಗ ಇನ್ನೂ ಸುಲಭದ ದಾರಿ ಹೊಳೆಯಿತು. ಪ್ರಶ್ನೆಯನ್ನೇ ಬದಲಿಸಿದರೆ ಸಾಕು: "2006ರಲ್ಲಿ ಬಂದದ್ದು, ಆದರೆ 2005ರವರೆಗೆ ಯಾವತ್ತೂ ಬಂದಿರಬಾರದು." ಒಂದು 'ನಾಟ್' ಸೇರಿಸಿದರೆ ಮುಗಿಯಿತು. ಪ್ರತಿ ಪೇಪರ್ ಅದರ ಮೊದಲ ವರ್ಷಕ್ಕೆ ಮಾತ್ರ ಬೀಳುತ್ತದೆ. ಮತ್ತೆ ಓಡಿಸಿದೆ, ಕೂಡಿದೆ. ಒಟ್ಟು ತಾಳೆ ಆಯಿತು. ಆ ದಿನ ಮಧ್ಯಾಹ್ನ ಕ್ಯಾಂಟೀನಿನ ಕಾಫಿ ಕೂಡ ಚೆನ್ನಾಗಿತ್ತು.

ಎರಡನೇದು: ಬೆಟ್ಟಕ್ಕೆ ಬೆಟ್ಟ ಯಾವ ಅಳತೆಯಲ್ಲಿ?

ಇದು ಬೇಗ ಮುಗಿಯಿತು. ಈಗ ಪಬ್‌ಮೆಡ್‌ಗೆ ವರ್ಷಕ್ಕೆ 10 ಲಕ್ಷಕ್ಕೂ ಜಾಸ್ತಿ ಪೇಪರ್ ಸೇರುತ್ತವೆ. ಅರವತ್ತರ ದಶಕದಲ್ಲಿ ಅದರ ಒಂದು ಸಣ್ಣ ಪಾಲು. ಹಾಗಾಗಿ ಬರೀ ಸಂಖ್ಯೆ ಇಟ್ಟರೆ ಯಾವ ಔಷಧವಾದರೂ ಏರುತ್ತಲೇ ಇರುತ್ತದೆ. ಪ್ರತಿ ವರ್ಷದ ಒಟ್ಟನ್ನೂ ಕೇಳಿ, ಒಂದು ಲಕ್ಷಕ್ಕೆ ಎಷ್ಟು ಅಂತ ಭಾಗಿಸಿದೆ. ಆ 'ನಾಟ್' ಉಪಾಯ ಒಟ್ಟಿಗೂ ಹಾಕಿದೆ. ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು ಅಳತೆ ಇದ್ದರೆ ತಕ್ಕಡಿ ವಾಲುತ್ತದೆ.

ಗ್ರಾಫ್ ಬೇರೆಯೇ ಆಯಿತು. 1962ರ ಸುತ್ತಿನ ಸಣ್ಣ ದಿಬ್ಬ ಗುಡ್ಡವಾಗಿ ಎದ್ದು ನಿಂತಿತು. ಆ ಕಾಲದ ಡಾಕ್ಟರುಗಳಿಗೆ ಅದು ಎಷ್ಟು ದೊಡ್ಡ ಆಘಾತ ಅನ್ನೋದು ಈಗ ಕಂಡಿತು.

ಮೂರನೇದು: ಮಗಳು

ಬೆಟ್ಟದ ಅನುಮಾನ ಹೋಗಿರಲಿಲ್ಲ. 2008ರ ಒಂದಷ್ಟು ಪೇಪರ್‌ಗಳ ತಲೆಬರಹಗಳನ್ನು ಪ್ರಿಂಟ್ ಹಾಕಿ ಹುಡುಗಿಗೆ ಕೊಟ್ಟೆ. "ಓದಮ್ಮ, ಪೆನ್ಸಿಲ್‌ನಲ್ಲಿ ಗುರುತು ಹಾಕು." ಸಂಜೆ ಬಂದವಳು ಮುಖ ಸಪ್ಪೆ ಮಾಡಿಕೊಂಡು ಹೇಳಿದಳು: "ಸರ್, ಇದರಲ್ಲಿ ಥ್ಯಾಲಿಡೊಮೈಡ್ ಎಲ್ಲಿದೆ? ಎಷ್ಟೊಂದು ಕಡೆ ಲೆನಲಿಡೊಮೈಡ್ ಅಂತಿದೆ."

ಅವಳು ಹಿಡಿದದ್ದು ಸರಿ. ಪಬ್‌ಮೆಡ್‌ನ ಬಹಳಷ್ಟು ಪೇಪರ್‌ಗಳಿಗೆ ಮೆಶ್ ಅನ್ನುವ ವಿಷಯ ಚೀಟಿ ಅಂಟಿಸಿರುತ್ತಾರೆ. 1960ರಿಂದ ಬಂದ ಪದ್ಧತಿ. ನಮ್ಮ ಕ್ಯಾಟಲಾಗ್ ಕಾರ್ಡಿನ ವಿಷಯ ಶೀರ್ಷಿಕೆ ಇದ್ದ ಹಾಗೆ. ಸರ್ಚ್ ಬಾಕ್ಸಿನಲ್ಲಿ ಬರೀ ಪದ ಹಾಕಿದರೆ ಪಬ್‌ಮೆಡ್ ತಾನಾಗೇ ಅದನ್ನು ಮೆಶ್ ಚೀಟಿಗೂ ಹೊಂದಿಸಿಕೊಳ್ಳುತ್ತದೆ. ಲೆನಲಿಡೊಮೈಡ್ ಥ್ಯಾಲಿಡೊಮೈಡ್‌ನಿಂದಲೇ ಹುಟ್ಟಿದ ಔಷಧ. ಅಮೆರಿಕದಲ್ಲಿ ಅದಕ್ಕೆ 2005ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು, ಮಲ್ಟಿಪಲ್ ಮೈಲೋಮಾ ಅನ್ನುವ ರಕ್ತದ ಕ್ಯಾನ್ಸರಿಗೆ 2006ರಲ್ಲಿ. ಹೊಸ ಔಷಧಕ್ಕೆ ಸ್ವಂತ ಮೆಶ್ ಮನೆ ಸಿಗುವವರೆಗೆ ಅದರ ಪೇಪರ್‌ಗಳಿಗೆ "ಥ್ಯಾಲಿಡೊಮೈಡ್, ಅದರ ಬಳಗ" ಅನ್ನುವ ಅರ್ಥದ ಚೀಟಿ ಅಂಟಿಸುತ್ತಿದ್ದರು. ಪೊಮಲಿಡೊಮೈಡ್ ಬಂದಾಗಲೂ ಹೀಗೇ. ಅದಕ್ಕೆ ಅನುಮತಿ ಸಿಕ್ಕಿದ್ದು 2013ರಲ್ಲಿ.

ಮಕ್ಕಳು ದುಡಿದದ್ದೆಲ್ಲ ಅಮ್ಮನ ಪಾಸ್‌ಬುಕ್ಕಿಗೆ ಜಮಾ ಆಗಿತ್ತು. ನಾವು ಪಾಸ್‌ಬುಕ್ ನೋಡಿ, ಅಮ್ಮ ಇನ್ನೂ ದುಡೀತಾಳೆ ಅಂದಿದ್ದೆವು.

ಮೆಶ್ ಚೀಟಿಗಳ ಮರದಲ್ಲಿ ಕೆಳಗಿನ ಶಾಖೆಗಳನ್ನು ಬಿಟ್ಟು ಹುಡುಕು ಅಂತ ಪಬ್‌ಮೆಡ್‌ಗೆ ಹೇಳಬಹುದು. ಹೇಳಿ ನೋಡಿದೆ. ಪೂರ್ತಿ ಗುಣವಾಗಲಿಲ್ಲ, ಯಾಕೆಂದರೆ ಆ 'ಬಳಗ'ದ ಚೀಟಿ ಅಮ್ಮನ ಹೆಸರಲ್ಲೇ ಇದೆ. ಹಾಗಾದರೆ ಮೆಶ್ ಬಿಟ್ಟು ತಲೆಬರಹ ಮತ್ತು ಸಾರಾಂಶದಲ್ಲಿ ಹುಡುಕೋಣ ಅಂದೆ. ಅಲ್ಲಿ ಬೇರೆ ಹಳ್ಳ. 1975ಕ್ಕಿಂತ ಹಿಂದಿನ ಬಹುತೇಕ ರೆಕಾರ್ಡುಗಳಲ್ಲಿ ಸಾರಾಂಶವೇ ಇಲ್ಲ. ಹೀಗೆ ಹುಡುಕಿದರೆ ಯಾವ ಔಷಧವಾದರೂ 1975ರಲ್ಲಿ ಒಂದು ಮೆಟ್ಟಿಲು ಏರಿದ ಹಾಗೆ ಕಾಣುತ್ತದೆ. ಪೇಪರ್ ಜಾಸ್ತಿ ಆಗಿರಲ್ಲ, ಹುಡುಕುವ ಜಾಗ ಜಾಸ್ತಿ ಆಗಿರುತ್ತದೆ.

ಕೊನೆಗೆ ಬರೀ ತಲೆಬರಹಕ್ಕೆ ಬಂದು ನಿಂತೆ. ತಲೆಬರಹ 1957ಕ್ಕೂ ಇದೆ, 2024ಕ್ಕೂ ಇದೆ. ಎಷ್ಟೋ ಪೇಪರ್ ತಪ್ಪಿಹೋಗುತ್ತವೆ, ನಿಜ. ಆದರೆ ಎಲ್ಲ ಕಾಲದಲ್ಲೂ ಒಂದೇ ಜರಡಿ. ಟ್ರೆಂಡ್ ನೋಡೋಕೆ ದೊಡ್ಡ ಜರಡಿಗಿಂತ ಬದಲಾಗದ ಜರಡಿ ಮುಖ್ಯ ಅಂತ ನನ್ನ ಅನಿಸಿಕೆ. ಇದನ್ನು ಒಪ್ಪದವರೂ ಇದ್ದಾರೆ. ನಮ್ಮ ಫಾರ್ಮಕಾಲಜಿ ಮೇಡಂ ಒಬ್ಬರು.

ಜರಡಿಗೆ ಹಳೇ ಹೆಸರುಗಳನ್ನೂ ಸೇರಿಸಬೇಕಾಯಿತು. ಜರ್ಮನಿಯ ಕಾಂಟರ್ಗಾನ್, ಬ್ರಿಟನ್ನಿನ ಡಿಸ್ಟಾವಲ್. ಜರ್ಮನ್ ಪೇಪರ್‌ಗಳ ತಲೆಬರಹವನ್ನು ಪಬ್‌ಮೆಡ್ ಚೌಕ ಕಂಸದೊಳಗೆ ಇಂಗ್ಲಿಷಿಗೆ ತಂದು ಇಟ್ಟಿರುತ್ತದೆ, ಆದರೆ ಬ್ರ್ಯಾಂಡ್ ಹೆಸರು ಹಾಗೇ ಉಳಿದುಬಿಡಬಹುದು. ಮಗಳಿಗೂ ಬಾಲ್ಯದ ಹೆಸರಿತ್ತು: ಸಿಸಿ-5013. ಪೊಮಲಿಡೊಮೈಡ್‌ಗೆ ಸಿಸಿ-4047. ಕಂಪನಿಯ ಕೋಡ್ ನಂಬರಿನಲ್ಲಿ ಬಂದ ಮೊದಲ ಪೇಪರ್‌ಗಳನ್ನು ಬಿಟ್ಟರೆ ಔಷಧ ಒಂದೆರಡು ವರ್ಷ ತಡವಾಗಿ ಹುಟ್ಟಿದ ಹಾಗೆ ತೋರುತ್ತದೆ.

ಈಗ ಮೂರು ಗೆರೆ. ಅಮ್ಮನ ಗೆರೆ ಅರವತ್ತರಲ್ಲಿ ಗುಡ್ಡ, ಆಮೇಲೆ ಉದ್ದಕ್ಕೆ ತಗ್ಗು, ತೊಂಬತ್ತರ ಕೊನೆಯಿಂದ ಏರಿ, ಲೆನಲಿಡೊಮೈಡ್ ಬಂದ ಮೇಲೆ ಇಳಿಜಾರು. ಮಗಳ ಗೆರೆ ಅಲ್ಲಿಂದ ಮೇಲಕ್ಕೆ. ಮೊದಲ ದಿನದ ನುಣ್ಣಗಿನ ಬೆಟ್ಟ ಎರಡು ಔಷಧ ಸೇರಿ ಆಗಿದ್ದು.

ಒಂದು ವಾರ ಸುಮ್ನೆ ಕೂತಿದ್ದು

ಪರೀಕ್ಷೆ ಡ್ಯೂಟಿ ಬಂತು. ಜೊತೆಗೆ ಕನ್ನಡದ ಕಾಟ. ಗ್ರಾಫಿನ ಮೇಲೆ ಹೆಸರುಗಳನ್ನು ಕನ್ನಡದಲ್ಲಿ ಬರೆಯೋಣ ಅಂತ ನನ್ನ ಹಟ. ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಒತ್ತಕ್ಷರ ಜೋಡಿಸೋಕೆ ಬರಲಿಲ್ಲ. 'ಕುಷ್ಠ' ಅಂತ ಕೊಟ್ಟರೆ 'ಕುಷ್‌ಠ' ಅಂತ ಬಿಡಿಬಿಡಿಯಾಗಿ ಬರೆಯಿತು. 'ಲಕ್ಷಕ್ಕೆ' ಅನ್ನೋದಂತೂ ನೋಡೋಕಾಗಲ್ಲ. ಫಾಂಟ್ ಬದಲಿಸಿದೆ, ಪ್ರಯೋಜನ ಇಲ್ಲ. ತೊಂದರೆ ಫಾಂಟಿನದಲ್ಲ, ಅಕ್ಷರ ಜೋಡಿಸುವ ಹಂತದ್ದು. ಕೊನೆಗೆ ಚಿತ್ರವನ್ನು ಎಸ್‌ವಿಜಿ ಆಗಿ ಉಳಿಸಿ, ಅಕ್ಷರವನ್ನು ಗೆರೆ ಮಾಡದೆ ಅಕ್ಷರವಾಗೇ ಬಿಡು ಅಂತ ಒಂದು ಸೆಟ್ಟಿಂಗ್ ಹಾಕಿದೆ. ಆ ಫೈಲನ್ನು ಬ್ರೌಸರಿನಲ್ಲಿ ತೆರೆದರೆ ಒತ್ತಕ್ಷರ ಸರಿಯಾಗಿ ಕೂತಿತ್ತು. ಅಲ್ಲಿಂದಲೇ ಪ್ರಿಂಟ್.

ನಾಲ್ಕನೇದು: ಯಾವ ರೋಗಕ್ಕೆ?

ಎಷ್ಟು ಅನ್ನೋದು ಆಯಿತು. ಏನಕ್ಕೆ ಅನ್ನೋದು ಬೇಕಿತ್ತು. ಇದಕ್ಕೆ ಮಾತ್ರ ಮೆಶ್ ಚೀಟಿಯೇ ಗತಿ. ತಲೆಬರಹದಲ್ಲಿ ಥ್ಯಾಲಿಡೊಮೈಡ್ ಇರುವ ರೆಕಾರ್ಡುಗಳನ್ನು ಇಳಿಸಿಕೊಂಡು, ಮೆಶ್ ಚೀಟಿ ಇರುವ 'ಎಂಎಚ್' ಸಾಲುಗಳನ್ನು ಕತ್ತರಿಸಿ, ದಶಕವಾರು ಎಣಿಸಿದೆ.

ಎಲ್ಲ ದಶಕದಲ್ಲೂ ಮೊದಲನೇ ಸ್ಥಾನಕ್ಕೆ ಬಂದ ಪದ: "ಮನುಷ್ಯರು". ಆಮೇಲೆ "ಗಂಡು", "ಹೆಣ್ಣು". ನಗು ಬಂತು. ಇವು ಅನ್ವಯಿಸುವ ಎಲ್ಲ ಪೇಪರಿಗೂ ಹಾಕುವ ತಪಾಸಣೆ ಚೀಟಿಗಳು. ತೆಗೆದುಹಾಕಿದೆ. ಆಮೇಲೆ ನೋಡಿದರೆ ಮಲ್ಟಿಪಲ್ ಮೈಲೋಮಾ ಎರಡು ಕಡೆ ಬಂದಿದೆ, ಒಂದರ ಮುಂದೆ ನಕ್ಷತ್ರ ಚಿಹ್ನೆ. ಪೇಪರಿನ ಮುಖ್ಯ ವಿಷಯವಾದರೆ ಮೆಶ್‌ನವರು ನಕ್ಷತ್ರ ಹಾಕುತ್ತಾರೆ. ನನ್ನ ಕೋಡಿಗೆ ಅದು ಬೇರೆ ರೋಗ! ನಕ್ಷತ್ರ ಒರೆಸಿ ಮತ್ತೆ ಎಣಿಸಿದೆ.

ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು ಮಾಡಿದ ವಿಒಎಸ್‌ವ್ಯೂವರ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಯಾವ ಪದ ಯಾವುದರ ಜೊತೆ ಬರುತ್ತೆ ಅಂತ ಗುಳ್ಳೆಗುಳ್ಳೆ ನಕ್ಷೆ ಬಿಡಿಸುತ್ತದೆ. ಅದರಲ್ಲೂ "ಮನುಷ್ಯರು" ನಡುವೆ ಕುಂಬಳಕಾಯಿ ಹಾಗೆ ಕೂತುಕೊಳ್ಳುತ್ತದೆ. ಒಂದು ಪದಪಟ್ಟಿ ಫೈಲಿನಲ್ಲಿ ಬೇಡದ ಪದದ ಎದುರು ಖಾಲಿ ಬಿಟ್ಟರೆ ಅದು ಮಾಯ. ನಕ್ಷೆ ಚೆಂದವೇ. ಸೆಮಿನಾರಿಗೆ ಹುಡುಗಿ ಅದನ್ನೇ ಇಟ್ಟುಕೊಂಡಳು. ನನಗೆ ದಶಕದ ಪಟ್ಟಿಯೇ ಇಷ್ಟ. ಗುಳ್ಳೆಗಳಲ್ಲಿ ಕಾಲ ಕಾಣಲ್ಲ.

ಪಟ್ಟಿಯಲ್ಲಿ ಕಾಲ ಚೆನ್ನಾಗಿ ಕಂಡಿತು. ಅರವತ್ತರಲ್ಲಿ ಔಷಧದಿಂದ ಬರುವ ಅಂಗ ಊನ. ಎಪ್ಪತ್ತು, ಎಂಬತ್ತರಲ್ಲಿ ಆ ಗುಂಪು ಕರಗಿ, ಕುಷ್ಠದ ಎಳೆ ತೆಳ್ಳಗೆ ಉಳಿದಿದೆ. ತೊಂಬತ್ತರಲ್ಲಿ ಎರಡು ಹೊಸ ಎಳೆ. ಒಂದು ಟಿಎನ್‌ಎಫ್, ಉರಿಯೂತದ ಪ್ರೋಟೀನು. ಥ್ಯಾಲಿಡೊಮೈಡ್ ಅದನ್ನು ತಗ್ಗಿಸುತ್ತೆ ಅಂತ 1991ರಲ್ಲಿ ತೋರಿಸಿದ್ದರು. ಇನ್ನೊಂದು ಹೊಸ ರಕ್ತನಾಳ ಹುಟ್ಟದಂತೆ ತಡೆಯುವುದು. ಅದು 1994ರದ್ದು, ರಾಬರ್ಟ್ ಡಿ'ಅಮಾಟೊ ಮತ್ತು ಜೂಡಾ ಫೋಕ್‌ಮನ್ ಗುಂಪಿನದು. ಗಡ್ಡೆಗೆ ರಕ್ತ ಹೋಗದಿದ್ದರೆ ಅದು ಬೆಳೆಯಲಾರದು. ಹಾಗಾದರೆ ಕ್ಯಾನ್ಸರಿಗೆ ಯಾಕೆ ಕೊಟ್ಟು ನೋಡಬಾರದು? 1999ರಲ್ಲಿ ಬೇರೆ ದಾರಿ ಮುಗಿದಿದ್ದ 84 ಮೈಲೋಮಾ ರೋಗಿಗಳಿಗೆ ಕೊಟ್ಟ ಫಲಿತಾಂಶ ಬಂತು. ಆಮೇಲೆ ಪಟ್ಟಿಯ ತುದಿಯಲ್ಲಿ ಮೈಲೋಮಾ ಕೂತದ್ದು ಏಳಲೇ ಇಲ್ಲ. ನಿದ್ದೆ ಮಾತ್ರೆಗೆ ಮಾರುಕಟ್ಟೆಯ ಅನುಮತಿ ಕೊಡದಿದ್ದ ಅದೇ ಅಮೆರಿಕ 1998ರಲ್ಲಿ ಕುಷ್ಠದ ಗಂಟುಗಳಿಗೆ, 2006ರಲ್ಲಿ ಮೈಲೋಮಾಗೆ ಅದಕ್ಕೆ ಅನುಮತಿ ಕೊಟ್ಟಿತು.

ದೇಶವಾರು ಎಣಿಕೆ ಶುರು ಮಾಡಿ ಕೈಬಿಟ್ಟೆ. 2013ರವರೆಗೆ ಮೊದಲ ಲೇಖಕರ ವಿಳಾಸ ಮಾತ್ರ ಹಾಕುತ್ತಿದ್ದರು, ಅದೂ 1988ರಿಂದ. ಆಮೇಲೆ ಎಲ್ಲರದೂ. ಭಾರತ ಸೇರಿ ಎಲ್ಲ ದೇಶವೂ ಅಲ್ಲೊಂದು ನೆಗೆತ ನೆಗೆಯುತ್ತದೆ. ಇಂಥ ಗ್ರಾಫ್ ಹಾಕಿ ಬೀಗುವ ಪೇಪರ್ ಎಷ್ಟು ನೋಡಿಲ್ಲ!

ಇನ್ನೊಂದು ಸಣ್ಣ ಕಳೆ ಕೀಳಬೇಕಿತ್ತು. ದುರಂತದ ನೆನಪಿನ ಲೇಖನಗಳು. 2011-12ಕ್ಕೆ ಐವತ್ತು ವರ್ಷ. 2012ರಲ್ಲಿ ಔಷಧ ತಂದ ಜರ್ಮನ್ ಕಂಪನಿ ಕ್ಷಮೆ ಕೇಳಿತು. 2015ರಲ್ಲಿ ಕೆಲ್ಸಿ 101ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗೆಲ್ಲ ಪತ್ರಿಕೆಗಳು ಬರೆಯುತ್ತವೆ. ಅದು ಔಷಧದ ರಿಸರ್ಚ್ ಅಲ್ಲ, ಔಷಧದ ನೆನಪು. 'ಚರಿತ್ರೆಯ ಲೇಖನ' ಅನ್ನುವ ಚೀಟಿ ಇದ್ದವನ್ನು ಬೇರೆ ತೆಗೆದು ಬೂದು ಬಣ್ಣದ ಗೆರೆ ಮಾಡಿದೆ. 2024ರ ತುದಿಯನ್ನು ಚುಕ್ಕೆ ಗೆರೆ ಮಾಡಿದೆ. ತಡವಾಗಿ ಸೇರುವ ರೆಕಾರ್ಡುಗಳಿಂದ ತುದಿ ಸುಳ್ಳೇ ಇಳಿದಂತೆ ಕಾಣಬಾರದಲ್ಲ.

ಮೇಡಂ ತೋರಿಸಿದ್ದು

ಫಾರ್ಮಕಾಲಜಿ ಮೇಡಂ ಗ್ರಾಫ್ ನೋಡಿ, "ಸರ್, ಸೆರೆಬ್ಲಾನ್ ಹಾಕಿದ್ದೀರಾ?" ಅಂದರು. ಹಾಕಿರಲಿಲ್ಲ.

ಥ್ಯಾಲಿಡೊಮೈಡ್ ದೇಹದಲ್ಲಿ ಯಾವುದಕ್ಕೆ ಅಂಟುತ್ತದೆ ಅಂತ 2010ರವರೆಗೆ ಗೊತ್ತಿರಲಿಲ್ಲ. ಜಪಾನಿನ ಹಿರೋಶಿ ಹಾಂಡಾ ಗುಂಪು ಅದನ್ನು ಹುಡುಕಿತು. ಸೆರೆಬ್ಲಾನ್ ಅನ್ನುವ ಪ್ರೋಟೀನು. ಆ ಪ್ರೋಟೀನು ಜೀವಕೋಶದ ಕಸ ವಿಲೇವಾರಿ ಯಂತ್ರದ ಒಂದು ಭಾಗ. ಔಷಧ ಹೋಗಿ ಅಂಟಿದರೆ ಯಂತ್ರ ಬೇರೆ ಪ್ರೋಟೀನನ್ನು ಕಸ ಅಂತ ಎತ್ತಿ ಬಿಸಾಡುತ್ತದೆ. ಲೆನಲಿಡೊಮೈಡ್ ಮೈಲೋಮಾ ಕೋಶ ಬದುಕೋಕೆ ಬೇಕಾದ ಎರಡು ಪ್ರೋಟೀನನ್ನು ಹೀಗೆ ಬಿಸಾಡಿಸುತ್ತದೆ ಅಂತ 2014ರಲ್ಲಿ ಗೊತ್ತಾಯಿತು. ಹಾಗಾದರೆ ನಮಗೆ ಬೇಡದ ಯಾವ ಪ್ರೋಟೀನನ್ನಾದರೂ ಬಿಸಾಡಿಸಬಹುದಾ ಅಂತ ಈಗ ಎಲ್ಲರ ಕಣ್ಣು ಅಲ್ಲಿ.

ಸೆರೆಬ್ಲಾನ್ ಪದ ಹಾಕಿ ಇನ್ನೊಂದು ಗೆರೆ ಎಳೆದೆ. 2010ಕ್ಕಿಂತ ಹಿಂದೆ ನೆಲಕ್ಕೆ ಅಂಟಿದ ಗೆರೆ. 2004ರಲ್ಲಿ ಆ ಜೀನ್‌ಗೂ ಬುದ್ಧಿ ಬೆಳವಣಿಗೆಯ ಒಂದು ತೊಂದರೆಗೂ ಸಂಬಂಧ ಕಂಡಿದ್ದರು, ಅದಕ್ಕೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಆಮೇಲೆ ಏರು. ಅಮ್ಮನ ಗೆರೆ ಇಳಿಯುತ್ತಿರುವ ಕಡೆಯೇ ಇದು ಏರುತ್ತಿದೆ. ಆ ಪೇಪರ್‌ಗಳ ತಲೆಬರಹ ಓದಿಕೊಂಡು ಹೋದರೆ ಥ್ಯಾಲಿಡೊಮೈಡ್ ಅನ್ನುವ ಹೆಸರು ಅಪರೂಪ. ಒಳಗೆ ನೋಡಿದರೆ ಸೆರೆಬ್ಲಾನ್‌ಗೆ ಹಾಕುವ ಕೊಕ್ಕೆ ಮಾತ್ರ ಅದೇ ಅಣುವಿನ ತುಂಡು.

"ಅಂದ್ರೆ ಮಾಡ್ತಾ ಇದಾರೆ, ಹೆಸರು ಹೇಳ್ತಿಲ್ಲ ಅಷ್ಟೇ" ಅಂದಳು ಹುಡುಗಿ. ಸೆಮಿನಾರಿನ ಕೊನೇ ಸ್ಲೈಡಿಗೆ ಅದನ್ನೇ ಬರೆದುಕೊಂಡಳು.

ಮೇಡಂ ಹೋಗುವಾಗ ಸಕ್ಕರೆ ಕಾಯಿಲೆಯ ಔಷಧ ಮೆಟ್‌ಫಾರ್ಮಿನ್‌ಗೂ ಹೀಗೇ ಮಾಡಿಕೊಡಿ ಅಂದರು. ಓಡಿಸಿದರೆ ರೆಕಾರ್ಡುಗಳು 10,000ಕ್ಕೆ ಬಂದು ನಿಂತವು. ಒಂದು ಹುಡುಕಾಟಕ್ಕೆ ಪಬ್‌ಮೆಡ್ ಅಷ್ಟೇ ಕೊಡುವುದು. ವರ್ಷವಾರು ತುಂಡು ಮಾಡಿ ಇಳಿಸಬೇಕು. ಕೋಡ್ ತಿದ್ದಿಟ್ಟಿದ್ದೇನೆ. ನಾಳೆ ಏಳು ಗಂಟೆಗೆ ಲೈಬ್ರರಿ ಬೀಗ ತೆಗೆಯೋಕೆ ಅಟೆಂಡರ್ ಅಣ್ಣನಿಗೆ ಹೇಳಿದ್ದೇನೆ.